ಬೀಗರು ಆರಿಸಿದ ಬೀಗ

ಆ ಮನುಷ್ಯ ತನ್ನ ತಪ್ಪನ್ನು ಒಪ್ಪಿಕೊಳ್ಳುವವನಲ್ಲ. ಇದರಲ್ಲಿ ಎರಡು ಮಾತಿಲ್ಲ. ಐವತ್ತೆಂಟು ವರ್ಷದ ಬದುಕಿನಲ್ಲಿ ‘ನನ್ನಿಂದ ತಪ್ಪಾಯಿತು’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯೂ ಕೇಳಿಲ್ಲ. ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಅವನು ರಿಪೇರಿ ಮಾಡಿದ ಮಿಷನ್ನಿನ ಸೂಜಿ ಮರುದಿನವೇ ಮುರಿದರೆ ತಪ್ಪು ದಾರದ್ದು. ದಾರ ಸರಿಯಿದ್ದರೆ ಬಟ್ಟೆಯದು. ಬಟ್ಟೆಯೂ ಸರಿಯಿದ್ದರೆ, ಹೊಲಿಯುವವಳು ಪೆಡಲು ತುಳಿಯುವ ರೀತಿಯದು. ತಡವಾಗಿ ಬಂದರೆ ಅವರ ಮನೆಯ ಗಡಿಯಾರ ಮುಂದಿತ್ತು. ಊಟಕ್ಕೆ ಕೂತು ನೀರಿನ ಲೋಟ ಉರುಳಿಸಿದರೆ, ಲೋಟವನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳುತ್ತಿದ್ದ. ಹೊಲಿಗೆಯ ಹೆಂಗಸರು ಅವನಿಗೆ ‘ನಾನಲ್ಲ’ ಎಂದೇ ಹೆಸರಿಟ್ಟಿದ್ದರು. ‘ನಾನಲ್ಲ ಬಂದ, ಮಿಷನ್ ನಿಲ್ಸಿ’ ಎಂದು ಪಿಸುಗುಟ್ಟಿ ನಗುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಆ ಹೆಸರು ಬರಲು ಕಾರಣವೂ ತಾನಲ್ಲ ಎಂದು ಅವನ ನಂಬಿಕೆ.

ಕೆಲಸದಲ್ಲಿ ಮಾತ್ರ ಅವನ ಕೈ ಚೊಕ್ಕ. ಮಿಷನ್ನಿನ ಮುಂದೆ ಕೂತ ಕೂಡಲೇ ಸ್ಕ್ರೂ ಬಿಚ್ಚುವವನಲ್ಲ. ಹೊಲಿಯುವವಳಿಗೇ ಒಂದು ತುಂಡು ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಯಲು ಹೇಳಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದ. ಸದ್ದಿನಲ್ಲೇ ಅರ್ಧ ರೋಗ ಗೊತ್ತಾಗುತ್ತಿತ್ತು: ಬಾಬಿನ್ ಕೂರುವ ಜಾಗದಲ್ಲಿ ನೂಲಿನ ಧೂಳು ಗಟ್ಟಿಯಾಗಿದೆ, ಬೆಲ್ಟು ಸಡಿಲವಾಗಿದೆ, ಸೂಜಿ ಇಳಿಯುವುದಕ್ಕೂ ಕೆಳಗಿನ ಕೊಕ್ಕೆ ದಾರ ಹಿಡಿಯುವುದಕ್ಕೂ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಯಾರಾದರೂ ಒಂದನ್ನು ಸರಿಸಿದರೆ ಅವರ ಗ್ರಹಚಾರ. ಅವನಿಗೆ ಅಂಗಡಿ ಇರಲಿಲ್ಲ. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ ತಗಡಿನ ಪೆಟ್ಟಿಗೆಯೇ ಅಂಗಡಿ. ದಿನಕ್ಕೆ ಏಳೆಂಟು ಮನೆ, ವಾರಕ್ಕೆ ನಾಲ್ಕು ಹೊಲಿಗೆ ಕಾರ್ಖಾನೆ. ಪೆಟ್ಟಿಗೆಯನ್ನು ಮಹಡಿಗೆ ಹೊತ್ತುಕೊಂಡು ಹೋಗುತ್ತಿದ್ದ. ಸೈಕಲ್ಲು ಕೆಳಗೆ ಬೀದಿಯಲ್ಲಿ ದೇವರ ಭರವಸೆಯ ಮೇಲೆ ನಿಂತಿರುತ್ತಿತ್ತು.

ಹಾಗೆ ನಿಂತಿದ್ದ ಮೊದಲನೆಯ ಸೈಕಲ್ಲು ಒಂದು ಮಧ್ಯಾಹ್ನ ಹೋಯಿತು. ಪೂರ್ತಿ ಹೋಗಲಿಲ್ಲ. ತೆಳುವಾದ ಕೇಬಲ್ ಬೀಗವೊಂದನ್ನು ಮುಂದಿನ ಚಕ್ರಕ್ಕೂ ದೀಪದ ಕಂಬಕ್ಕೂ ಸುತ್ತಿ ಹೋಗಿದ್ದ. ಬಂದು ನೋಡಿದರೆ ಚಕ್ರ ಕಂಬವನ್ನು ಅಪ್ಪಿಕೊಂಡು ನಿಂತಿತ್ತು, ಉಳಿದದ್ದು ಇರಲಿಲ್ಲ. ಚಕ್ರವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

“ಬೀಗ ಹಾಕಿರ್ಲಿಲ್ವಾ?” ಎಂದಳು ಹೆಂಡತಿ.

“ಹಾಕಿದ್ದಕ್ಕೇ ಇದು ಉಳಿದಿರೋದು. ನಾನು ಬೀಗ ಹಾಕಿದ್ದು ನನ್ನ ಹೆಗಲ ಮೇಲೇ ಇದೆ, ನೋಡು. ಚಕ್ರ ಬಿಚ್ಕೊಳ್ಳೋ ಹಾಗೆ ಸೈಕಲ್ ಮಾಡಿದಾನಲ್ಲ, ಅವನನ್ನ ಹೋಗಿ ಕೇಳು.”

ಎರಡು ತಿಂಗಳು ನಡೆದೇ ಕೆಲಸ ಮಾಡಿದ. ಪೆಟ್ಟಿಗೆ ಭಾರ. ಮೂರು ಮನೆ ಮುಗಿಸುವಷ್ಟರಲ್ಲಿ ಹಿಮ್ಮಡಿ ಉರಿಯುತ್ತಿತ್ತು. ದೂರದ ಬಡಾವಣೆಯವರು ಕಾದು ಬೇಸತ್ತು ಬೇರೆಯವನನ್ನು ಹುಡುಕಿಕೊಂಡರು. ಕೊನೆಗೆ ಮಗಳು ಅಳಿಯ ಸೇರಿ ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಮಗಳು ಹಾಕಿದ ಷರತ್ತು ಒಂದೇ: ಬೀಗವನ್ನು ಅಪ್ಪ ಆರಿಸಕೂಡದು, ಬೀಗರು ಆರಿಸಬೇಕು.

ಬೀಗರೆಂದರೆ ಅವಳ ಮಾವ, ಅಳಿಯನ ತಂದೆ. ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಕೌಂಟರಿನ ಹಿಂದೆ ನಲವತ್ತೊಂದು ವರ್ಷ ನಿಂತು ಬೀಗ, ಚಿಲಕ, ಬಾಗಿಲಿನ ಕೀಲು ಮಾರಿದವರು. ಎಪ್ಪತ್ತಮೂರು ವರ್ಷ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತುಗಾರರು. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಬೀಗ ನೋಡಿ, ಆಮೇಲೆ ಮನೆಯವರ ಮುಖ ನೋಡುತ್ತಿದ್ದರು. ‘ಬೀಗ ಆಗೋದಕ್ಕೆ ಮುಂಚೆಯಿಂದಲೂ ನಾನು ಬೀಗದವನೇ’ ಎಂಬ ಹಾಸ್ಯವನ್ನು ಮಕ್ಕಳ ಮದುವೆಯ ಮಾತುಕತೆಯ ದಿನ ಹೇಳಿದ್ದರು, ಆಮೇಲೂ ಹೇಳುತ್ತಲೇ ಇದ್ದರು. ರಿಪೇರಿಯವನು ಒಮ್ಮೆಯೂ ನಕ್ಕಿರಲಿಲ್ಲ.

ಈಚೆಗೆ ಒಂದು ವರ್ಷದಿಂದ ಆ ಹಾಸ್ಯವನ್ನು ಹತ್ತು ನಿಮಿಷದಲ್ಲಿ ಎರಡು ಸಲ ಹೇಳತೊಡಗಿದ್ದರು. ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಹೊರಗೆ ನಡೆದರು. ಇನ್ನೊಮ್ಮೆ ಯಾವುದೋ ಬಸ್ಸು ಹತ್ತಿ ಕೊನೆಯ ನಿಲ್ದಾಣದ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದರು. ಜೇಬಿನ ಚೀಟಿ ನೋಡಿ ಯಾರೋ ಫೋನು ಮಾಡಿದರು. ಅಳಿಯ ಕೆಟ್ಟವನಲ್ಲ, ಹೆದರಿದ್ದ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಅಪ್ಪನ ಎದುರಿಗೇ ಹೇಳಿಬಿಟ್ಟ: ಇನ್ನೊಂದು ಸಲ ಇಂಥದ್ದಾದರೆ ಮನೆಯ ಕೀ ವಾಪಸು ಕೊಡಬೇಕು, ನಾವು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತೇವೆ. ಬೀಗರು ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈ ತೊಳೆದು, ಬಾಗಿಲ ಬಳಿ ಹೋಗಿ ಬೀಗವನ್ನು ಎರಡು ಸಲ ತೆಗೆದು ಹಾಕಿ ನೋಡಿದರಂತೆ. ಮಗಳು ಇದನ್ನು ತವರಿನಲ್ಲಿ ಕೂತು ಹೇಳಿ ಅತ್ತಳು. ಅವಳ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಬೀಗ ತರಲು ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡೇ ಹೊರಟರು. ಬೀದಿಯ ಕೊನೆಯ ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, “ಬೀಗ ತರೋಕೆ ಬೀಗರನ್ನ ಕರ್ಕೊಂಡು ಹೊರಟ್ರಾ? ಬರುವಾಗ ಎರಡರಲ್ಲಿ ಯಾವುದನ್ನೂ ಬಿಟ್ಟು ಬರಬೇಡಿ” ಎಂದ. ಬೀಗರು ಮನಸಾರೆ ನಕ್ಕರು.

ಅಂಗಡಿಯಲ್ಲಿ ರಿಪೇರಿಯವನ ಕೈ ಮತ್ತೆ ಕೇಬಲ್ ಬೀಗಕ್ಕೇ ಹೋಯಿತು. ಹಗುರ, ಸುತ್ತಿಡಲು ಸುಲಭ. ಬೀಗರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದು ಬೀಗ ಅಲ್ಲ ಬೀಗರೇ, ದಾರ. ನಿಮಗೆ ದಾರ ಕತ್ತರಿಸೋಕೆ ಎಷ್ಟು ಹೊತ್ತು ಬೇಕು? ಕಟ್ಟರ್ ಇಟ್ಕೊಂಡವನಿಗೆ ಇದಕ್ಕೂ ಅಷ್ಟೇ ಸಾಕು.”

ಅಂಕಿ ತಿರುಗಿಸುವ ಬೀಗವನ್ನು ಅವರು ಮುಟ್ಟಲೇ ಇಲ್ಲ. ಅಂಕಿ ನೆನಪಿಟ್ಟುಕೊಳ್ಳುವ ತಲೆ ಬೇಕು, ಅದು ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ ಎಂದರು. ತೆಳು ಸರಪಳಿ ಪ್ರಯೋಜನವಿಲ್ಲ, ದಪ್ಪ ಸರಪಳಿ ಹೊರುವುದಕ್ಕೆ ಇನ್ನೊಂದು ಸೈಕಲ್ಲು ಬೇಕು. ಕೊನೆಗೆ ಕುದುರೆ ಲಾಳದಂತೆ ಬಾಗಿದ, ಹೆಬ್ಬೆರಳ ಗಾತ್ರದ ಉಕ್ಕಿನ ಬೀಗವನ್ನು ಹಿಡಿದರು. ದೊಡ್ಡದು ಕೊಡಲು ಬಂದ ಅಂಗಡಿಯವನಿಗೆ ಬೇಡವೆಂದರು. ಲಾಳದ ಒಳಗೆ ಜಾಗ ಉಳಿದಷ್ಟೂ ಕಳ್ಳನಿಗೆ ಅನುಕೂಲ, ಸಂದಿಯಲ್ಲಿ ಕಬ್ಬಿಣದ ಸಲಾಕೆ ತೂರಿಸಿ ಮೀಟುತ್ತಾನೆ. ಬೀಗ ಮೈಗೆ ಹೊಲಿದ ಅಂಗಿಯ ಹಾಗೆ ಕೂರಬೇಕು. ಹೀಗೆ ಹೇಳುತ್ತ ಕೀಯನ್ನು ಹಾಕಿ ತೆಗೆದು, ಹಾಕಿ ತೆಗೆದು, ಅಂಗಡಿಯವನ ತಾಳ್ಮೆಯನ್ನು ಸವೆಸಿದರು.

ಹೊರಗೆ ಬಂದು ಪಾಠ ಶುರುವಾಯಿತು. ಬೀಗದ ಹೊಟ್ಟೆಯೊಳಗೆ ಮೂರು ಇರಬೇಕು: ಸೈಕಲ್ಲಿನ ಫ್ರೇಮು ಒಂದು, ಹಿಂದಿನ ಚಕ್ರ ಎರಡು, ನೆಲಕ್ಕೆ ನೆಟ್ಟ ಕಂಬಿ ಮೂರು. ಒಂದೊಂದನ್ನೂ ಮುಟ್ಟಿ ಎಣಿಸಬೇಕು. ಕಂಬಿಯನ್ನು ಮೊದಲು ಅಲ್ಲಾಡಿಸಿ ನೋಡಬೇಕು. ಗಿಡ್ಡ ಕಂಬ ಬೇಡ, ಸೈಕಲ್ಲನ್ನೇ ಎತ್ತಿ ಮೇಲಿಂದ ಕಳಚಿಕೊಂಡು ಹೋಗುತ್ತಾರೆ. ಕೀ ತೂತು ಕೆಳಮುಖವಾಗಿರಲಿ. ಬೀಗ ನೆಲಕ್ಕೆ ತಾಗದಿರಲಿ, ನೆಲಕ್ಕೆ ಒತ್ತಿ ಸುತ್ತಿಗೆಯಲ್ಲಿ ಹೊಡೆದರೆ ಎಂಥ ಬೀಗವೂ ಬಾಯಿ ಬಿಡುತ್ತದೆ. ಪೆಡಲಿನ ಕೆಳಗೆ ಫ್ರೇಮಿನ ಮೇಲೆ ಕೊರೆದ ನಂಬರು ಬರೆದಿಡಿ ಎಂದಾಗ ರಿಪೇರಿಯವನು, ನನಗೆ ನೆನಪಿರುತ್ತೆ ಎಂದು ಮುಖ ತಿರುಗಿಸಿದ. ಸಂಜೆ ಅಳಿಯನೇ ಅದರ ಫೋಟೋ ತೆಗೆದು ತನ್ನ ಫೋನಿನಲ್ಲಿಟ್ಟುಕೊಂಡ.

ಇದಾದ ಮೇಲೆ ಮಗಳು ಇನ್ನೊಂದು ಬೇಡಿಕೆ ತಂದಳು. ಗುರುವಾರ ಅವಳ ಮನೆಯ ಹತ್ತಿರದ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಅಪ್ಪ ಬರುತ್ತಾನಲ್ಲ, ಮಾವನನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಅವರಿಗೆ ಹೊರಗೆ ಹೋದಂತೆಯೂ ಆಗುತ್ತದೆ, ಒಬ್ಬರೇ ಹೋದಂತೆಯೂ ಆಗುವುದಿಲ್ಲ. ರಿಪೇರಿಯವನು ನಾನೇನು ಸರ್ಕಸ್ ನಡೆಸ್ತಿದೀನಾ ಎಂದು ಗೊಣಗಿದ. ಮುಂದಿನ ಗುರುವಾರ ಹೇಳಿದ ಸಮಯಕ್ಕೆ ಹದಿನೈದು ನಿಮಿಷ ಮುಂಚೆಯೇ ಅವರ ಮನೆಯ ಕೆಳಗೆ ನಿಂತು ಗಂಟೆ ಬಾರಿಸಿದ. ಬೀಗರಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ಆಮೇಲೆ ದೂರಿದ.

ಗುರುವಾರಗಳು ಹಾಗೆ ನಡೆದುಕೊಂಡು ಬಂದವು. ಸೈಕಲ್ಲನ್ನು ತಳ್ಳುವುದು ಇವನ ಕೆಲಸ, ಬೀಗ ಹಾಕುವುದು ಅವರ ಹಕ್ಕು. ಬಗ್ಗಿ, ಬೆರಳಲ್ಲಿ ಮುಟ್ಟಿ, “ಒಂದು… ಎರಡು… ಮೂರು” ಎಂದು ಎಣಿಸಿ ಕೀ ತಿರುಗಿಸಿ, ಅದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು ನಿಧಾನವಾಗಿ ಮಹಡಿ ಹತ್ತುವರು. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು, ಯಾರ ಮನೆಯ ಕಪಾಟಿಗೆ ಯಾವ ಬೀಗ ಆಗುತ್ತದೆ ಎಂದು ಹೆಂಗಸರಿಗೆ ಸಲಹೆ ಕೊಡುವರು. ಮಿಷನ್ನುಗಳ ಸದ್ದಿನಲ್ಲಿ ಅರ್ಧ ಯಾರಿಗೂ ಕೇಳುತ್ತಿರಲಿಲ್ಲ. ಆದರೂ ಎಲ್ಲರೂ ತಲೆದೂಗುತ್ತಿದ್ದರು.

ನಾಲ್ಕನೆಯ ತಿಂಗಳಿನ ಒಂದು ಗುರುವಾರ, ಕಾರ್ಖಾನೆಯ ಮುಂದಿನ ಎಂದಿನ ಕಂಬಿಗೆ ಯಾರೋ ಬಣ್ಣ ಬಳಿಯುತ್ತಿದ್ದರು. ಸೈಕಲ್ಲನ್ನು ಪಕ್ಕದ ಕಟ್ಟಡದ ಕಟಕಟೆಗೆ ಒರಗಿಸಬೇಕಾಯಿತು. ಅದು ಬೆರಳು ದಪ್ಪದ ಸರಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಕಟಕಟೆ. ಮೇಲೆ ಮೂರು ಮಿಷನ್ನು ಒಟ್ಟಿಗೆ ಕೆಟ್ಟು ನಿಂತಿದ್ದವು; ಯಜಮಾನಿ ಕಿಟಕಿಯಿಂದಲೇ ಕೂಗುತ್ತಿದ್ದಳು. ರಿಪೇರಿಯವನು ಪೆಟ್ಟಿಗೆ ಎತ್ತಿಕೊಂಡು ಓಡಿದ. ಮೆಟ್ಟಿಲು ಹತ್ತುವಾಗ ಹಿಂದಿನಿಂದ “ಒಂದು… ಎರಡು… ಮೂರು” ಎಂಬ ಎಣಿಕೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಒಂದೂವರೆ ಗಂಟೆಯ ಮೇಲೆ ಇಳಿದು ಬಂದಾಗ ಬೀಗ ಇತ್ತು. ಕಟಕಟೆಯ ಮೂರು ಸರಳುಗಳನ್ನು ತಬ್ಬಿಕೊಂಡು, ಒಂದಿಷ್ಟೂ ಸಂದಿಯಿಲ್ಲದೆ, ಕೀ ತೂತು ಕೆಳಮುಖವಾಗಿ, ನೆಲಕ್ಕೆ ತಾಗದೆ, ಅಚ್ಚುಕಟ್ಟಾಗಿ ಕೂತಿತ್ತು. ಸೈಕಲ್ಲು ಇರಲಿಲ್ಲ.

ಹಿಂದೆಯೇ ಬಂದ ಬೀಗರು ಬಗ್ಗಿ ಮೂರು ಸರಳುಗಳನ್ನೂ ಒಂದೊಂದಾಗಿ ಮುಟ್ಟಿದರು. ನಿಲ್ಲಲು ಕಟಕಟೆ ಹಿಡಿದುಕೊಳ್ಳಬೇಕಾಯಿತು.

“ಬೀಗರೇ, ನಾನು ಮೂರು ಎಣಿಸಿದ್ದೆ.”

“ಎಣಿಸಿದ್ರಿ. ನನಗೂ ಕೇಳಿಸ್ತು.”

“ಇನ್ನು ನನ್ನ ಮಗ…” ಎಂದರು. ಬಲಗೈ ಪ್ಯಾಂಟಿನ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. ಮನೆಯ ಕೀ ಅಲ್ಲಿರುತ್ತಿತ್ತು.

ರಿಪೇರಿಯವನ ಬಾಯಿಗೆ ಮಾತುಗಳು ತಾವಾಗಿಯೇ ಬಂದು ನಿಂತಿದ್ದವು. ಐವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ತಪ್ಪು ನಿಜವಾಗಿಯೂ ಅವನದಾಗಿರಲಿಲ್ಲ. ಅವನು ಹೆಂಡತಿಗೆ ಫೋನು ಮಾಡಿದ. ಬೀದಿಯಲ್ಲಿ ಲಾರಿಯೊಂದು ಹಿಮ್ಮುಖವಾಗಿ ಬರುತ್ತ ಕೂಗುತ್ತಿತ್ತು.

“ಹೋಯ್ತು. ಬೀಗ ಮಾತ್ರ…” ಎನ್ನುವಷ್ಟರಲ್ಲಿ ಅವಳು ನಡುವೆಯೇ ಬಾಯಿ ಹಾಕಿದಳು.

“ಬೀಗರು ಎಲ್ಲಿ ಹೋದ್ರು? ಮತ್ತೆ ಬಸ್ಸು ಹತ್ತಿಬಿಟ್ರಾ?”

“ಬೀಗರು ಇಲ್ಲೇ ಇದಾರೆ. ಬೀಗಾನೂ ಇಲ್ಲೇ ಇದೆ. ಸೈಕಲ್ ಇಲ್ಲ.”

“ಅವರಿದಾರಲ್ಲ, ಸಾಕು ಬಿಡಿ,” ಎಂದಳು. ಆಮೇಲೆ, ಹಾಗಂತ ಅವರ ಮೇಲೆ ರೇಗಬೇಡಿ ಎಂದೂ ಸೇರಿಸಿ ಫೋನು ಇಟ್ಟಳು.

ಬೀದಿಯಲ್ಲಿ ಗಸ್ತಿನಲ್ಲಿದ್ದ ಪೊಲೀಸ್ ಪೇದೆ ಬಂದ. ದೂರು ಬರೆಯಲು ಫ್ರೇಮಿನ ನಂಬರು ಬೇಕೆಂದ. ನೆನಪಿರುತ್ತೆ ಎಂದವನಿಗೆ ಒಂದು ಅಂಕಿಯೂ ನೆನಪಿರಲಿಲ್ಲ. ಅಳಿಯನಿಗೆ ಫೋನು ಮಾಡದೆ ಬೇರೆ ದಾರಿಯಿರಲಿಲ್ಲ. ಅಳಿಯ ಫೋಟೋ ಕಳಿಸುತ್ತೇನೆ ಎಂದ. ಅಪ್ಪ ಜೊತೆಗಿದ್ದಾರೆ ಎಂದು ಗೊತ್ತಾದದ್ದೇ, ನಾನೇ ಬರುತ್ತೇನೆ ಎಂದ. ಅವನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಪರಿಹಾರ ಕೇಳಿದವರ ಹೇಳಿಕೆ ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡುವುದೇ ಅವನ ಉದ್ಯೋಗ. ಇಪ್ಪತ್ತು ನಿಮಿಷದಲ್ಲಿ ಬಂದು ನಿಂತು ನಂಬರು ಕೊಟ್ಟ.

ಪೇದೆ ಲಾಳದ ಬೀಗವನ್ನು ಲಾಠಿಯ ತುದಿಯಿಂದ ಕುಟ್ಟಿದ. “ಕಟಕಟೆ ಯಾರಾದ್ರೂ ಕದೀತಾರೆ ಅಂತ ಹಾಕಿದ್ದಾ?”

ಅಳಿಯ ನಗಲಿಲ್ಲ. ಮೂರು ಸರಳನ್ನೂ ನೋಡಿದ, ಅಪ್ಪನನ್ನೂ ನೋಡಿದ. “ಇದನ್ನ ಹಾಕಿದ್ದು ಯಾರು?” ಎಂದ. ದನಿ ಜೋರಾಗಿರಲಿಲ್ಲ. ಬೀಗರ ತುಟಿ ಅಲುಗಿತು.

“ನಾನು,” ಎಂದ ರಿಪೇರಿಯವನು.

ಆ ಒಂದು ಮಾತು ವರ್ಷಗಟ್ಟಲೆ ಎಣ್ಣೆ ಕಾಣದ ಮಿಷನ್ನಿನ ಹಾಗೆ ತಡೆದು ತಡೆದು ಬಂತು. ಬಂದ ಮೇಲೆ ಉಳಿದವು ಹಿಂದೆಯೇ ಬಂದವು. “ಮೇಲಿಂದ ಕರೀತಿದ್ರು. ಅವಸರದಲ್ಲಿ ಹಾಕಿದೆ. ಸರಿಯಾಗಿ ನೋಡಿ ಹಾಕಿ ಅಂತ ನಿಮ್ಮಪ್ಪ ಹೇಳಿದ್ರು. ನಾನು ಕೇಳ್ಲಿಲ್ಲ.”

“ಇಲ್ಲಪ್ಪ, ಅದು…” ಎಂದು ಬೀಗರು ಬಾಯಿ ತೆರೆದರು.

“ನೀವು ಹೇಳಿದ್ರಿ ಬೀಗರೇ. ಎರಡು ಸಲ ಹೇಳಿದ್ರಿ. ಈಗ ಮತ್ತೆ ಹೇಳಿ ನನ್ನ ಮಾನ ತೆಗೀಬೇಡಿ.”

ಪೇದೆ ‘ಮಾಲೀಕರ ಅಜಾಗರೂಕತೆಯಿಂದ’ ಎಂದು ಬರೆದು, ಓದಿ ಹೇಳಿ, ಸಹಿ ಮಾಡಲು ಪುಸ್ತಕ ಚಾಚಿದ. ಬೇರೆ ದಿನವಾಗಿದ್ದರೆ ಆ ಪದಕ್ಕೆ ರಿಪೇರಿಯವನು ಠಾಣೆಯವರೆಗೂ ಜಗಳ ಒಯ್ಯುತ್ತಿದ್ದ. ಸಹಿ ಹಾಕಿದ. ಸರಿ, ಬೀಗ ತೆಗೆದುಕೊಳ್ಳಿ, ಇಲ್ಲಿ ನೇತಾಡುವುದು ಬೇಡ ಎಂದ ಪೇದೆ. ಬೀಗರ ಕೈ ಅಭ್ಯಾಸದಂತೆ ಅಂಗಿಯ ಜೇಬಿಗೆ ಹೋಯಿತು; ಕೀ ಹೊರಗೆ ಬಂತು. ಅಳಿಯನ ಕಣ್ಣು ಅದರ ಮೇಲೆ ನಿಂತಿತು.

“ಕೀ ನಿಮ್ಮ ಹತ್ರ ಇದೆಯಲ್ಲಪ್ಪ.”

“ನಾನೇ ಕೊಟ್ಟಿದ್ದೆ,” ಎಂದ ರಿಪೇರಿಯವನು. “ನನ್ನ ಪ್ಯಾಂಟಿನ ಜೇಬು ತೂತು.”

ಅಳಿಯ ಮಾವನ ಪ್ಯಾಂಟಿನ ಜೇಬನ್ನು ನೋಡಿದ. ತೋರಿಸಿ ಎನ್ನಲು ಅಳಿಯನಾದವನಿಗೆ ಬಾಯಿ ಬರುವುದಿಲ್ಲ. “ಭಾನುವಾರ ಎಲ್ಲರೂ ಬರ್ತೀವಿ ಮಾವ, ಕೂತು ಮಾತಾಡೋಣ,” ಎಂದಷ್ಟೇ ಹೇಳಿ, ಅಪ್ಪನ ತೋಳು ಹಿಡಿದುಕೊಂಡು ಹೋದ. ಮಾತಾಡುವುದು ಯಾವ ವಿಷಯ ಎಂದು ಅಂದು ಸಂಜೆ ಮಗಳು ಫೋನಿನಲ್ಲಿ ತಿಳಿಸಿದಳು: ಮನೆಯ ಕೀ ವಿಷಯ. ಅಳಿಯನಿಗೆ ತನ್ನ ಅಪ್ಪನ ಮೇಲಿನ ಅನುಮಾನ ಹೋಗಿಲ್ಲ.

ಮುಚ್ಚಿಟ್ಟದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ನೆನಪು ಸವೆಯುತ್ತಿರುವ ಮುದುಕರ ವಿಷಯದಲ್ಲಿ ಮಗನ ಭಯಕ್ಕೂ ಅರ್ಥವಿತ್ತು. ರಿಪೇರಿಯವನು ಅಷ್ಟೆಲ್ಲ ಯೋಚಿಸಿದವನಲ್ಲ. ಶುಕ್ರವಾರ, ಶನಿವಾರ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆದು ಹತ್ತಿರದ ಮನೆಗಳನ್ನಷ್ಟೇ ಮುಗಿಸಿ ಬಂದ. ಯಾರನ್ನೂ ಬೈಯಲಿಲ್ಲ ಎಂಬುದನ್ನು ಹೆಂಡತಿ ಗಮನಿಸಿದಳು; ಜ್ವರ ಬಂದಿರಬಹುದೆಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಅವನು ಕಿಟಕಿಯ ಬಳಿ ಕೂತು, ಗುರುವಾರ ಹಾಕಿದ್ದ ಪ್ಯಾಂಟನ್ನು ಮಡಿಲಲ್ಲಿ ಹರಡಿಕೊಂಡ. ಒಗೆದು ಇಸ್ತ್ರಿ ಮಾಡಿದ ಪ್ಯಾಂಟು. ಬಲಗಡೆಯ ಜೇಬನ್ನು ಒಳಹೊರಗು ಮಾಡಿ, ಹೊಲಿಗೆ ಬಿಚ್ಚುವ ಚೂಪು ಮೊನೆಯ ಸಲಕರಣೆಯಿಂದ ತಳದ ಹೊಲಿಗೆಯನ್ನು ಒಂದೊಂದಾಗಿ ಮೀಟಿದ. ಕೀಯೊಂದು ಜಾರಿ ಬೀಳುವಷ್ಟು ಜಾಗ ಬಿಡಿಸಿದ. ದಾರದ ಎಳೆಗಳನ್ನು ಕಿತ್ತು ಕಿಟಕಿಯಿಂದಾಚೆ ಊದಿದ. ಅಂಚು ಹೊಸದಾಗಿ ಕಾಣದಂತೆ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನಾರೆಬ್ಬಿಸಿದ.

ಎಲ್ಲರೂ ಬಂದು ಕೂತರು. ಬೀಗರು ಗೋಡೆಯ ಕಡೆಯ ಕುರ್ಚಿಯಲ್ಲಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಕೂತವರಂತೆ ಕೂತಿದ್ದರು. ಅಳಿಯ ಮಾತು ಶುರುಮಾಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರಿಪೇರಿಯವನು ಒಳಗಿನಿಂದ ಪ್ಯಾಂಟು ತಂದು ಹೆಂಡತಿಯ ಮುಂದೆ ಕೊಡವಿದ.

“ಈ ಜೇಬು ತೂತಾಗಿ ತಿಂಗಳಾಯ್ತು. ಹೊಲಿ, ಹೊಲಿ ಅಂತ ಎಷ್ಟು ಸಲ ಹೇಳ್ಲಿ? ಊರವರ ಮಿಷನ್ನೆಲ್ಲ ನಾನು ಸರಿ ಮಾಡ್ತೀನಿ, ನನ್ನ ಮನೇಲಿ ಒಂದು ಜೇಬು ಹೊಲಿಯೋರಿಲ್ಲ.”

ಅಳಿಯ ಕೈ ಚಾಚಿ ಜೇಬನ್ನು ಹಿಡಿದು, ತೂತಿನಲ್ಲಿ ಬೆರಳು ತೂರಿಸಿ ನೋಡಿದ. ಬೆರಳು ಆಚೆ ಬಂತು. ಅಪ್ಪನ ಕಡೆ ಒಮ್ಮೆ ನೋಡಿ, ಪ್ಯಾಂಟನ್ನು ಅತ್ತೆಗೆ ಕೊಟ್ಟು, ಕುರ್ಚಿಗೆ ಒರಗಿ ಕೂತ. ಕೀ ವಿಷಯ ಎತ್ತಲಿಲ್ಲ.

ಹೆಂಡತಿ ಜೇಬನ್ನು ಬೆಳಕಿಗೆ ಹಿಡಿದಳು. ಹರಿದ ಬಟ್ಟೆಯೂ ಬಿಚ್ಚಿದ ಹೊಲಿಗೆಯೂ ಒಂದೇ ಅಲ್ಲವೆಂದು ತಿಳಿಯುವಷ್ಟು ದಿನ ಅವಳು ಆ ಮನೆಯಲ್ಲಿ ಬಾಳಿದ್ದಳು. ಗಂಡನನ್ನು ನೋಡಿದಳು. ಅವನು ಕಿಟಕಿಯ ಕಡೆ ತಿರುಗಿ ಬೀದಿಯನ್ನು ನೋಡುತ್ತಿದ್ದ.

“ಹೌದು, ಮರೆತುಬಿಟ್ಟಿದ್ದೆ,” ಎಂದು ಅವಳು ಸೂಜಿಯ ಡಬ್ಬಿ ತರಲು ಎದ್ದಳು.